ಕೋಳಿ ದಾಟದ ಹೊಸ್ತಿಲು

ಚಳ್ಳಕೆರೆ ಪೇಟೆಯ ಹಿಂದಿನ ಆ ಓಣಿಗೆ ಆಟೋ ನುಗ್ಗಿದರೆ ನಡೆಯುವವರು ಯಾರದಾದರೂ ಮನೆಯ ಮೆಟ್ಟಿಲು ಹತ್ತಿ ನಿಲ್ಲಬೇಕು. ಅಂಥ ಓಣಿಗೆ ಓಬಳೇಶ ಒಂದು ಸಂಜೆ ಕಂದುಬಣ್ಣದ ಲ್ಯಾಬ್ರಡಾರ್ ಮರಿಯೊಂದನ್ನು ಬೈಕಿನ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಬಂದ. ಅವನು ಶೇಂಗಾ ಮಂಡಿಯೊಂದರಲ್ಲಿ ಗುಮಾಸ್ತ. ಮಂಡಿಯ ಸಾಹುಕಾರರ ಮನೆಯಲ್ಲಿ ಇಂಥವು ಎರಡಿದ್ದವು. ಮರಿಗೆ ಬ್ರೌನಿ ಎಂದು ಹೆಸರಿಟ್ಟ, ಕೊರಳಿಗೆ ಕೆಂಪು ಬೆಲ್ಟು ಹಾಕಿದ, ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿದ. ಅಲ್ಲಿಗೆ ನಾಯಿಯ ವಿಷಯದಲ್ಲಿ ಅವನ ಕೆಲಸ ಹೆಚ್ಚುಕಡಿಮೆ ಮುಗಿಯಿತು.

ಉಳಿದದ್ದು ಅವನ ಹೆಂಡತಿ ಜ್ಯೋತಿಲಕ್ಷ್ಮಿಯ ಪಾಲಿಗೆ ಬಂತು.

"ನೀನು ಹೆಂಗೂ ಮನೇಲೇ ಇರ್ತೀಯಲ್ಲ" ಎಂದ ಓಬಳೇಶ.

ಆ ಮಾತು ಅವಳಿಗೆ ಹೊಸದಲ್ಲ. ಅತ್ತೆ ಜೋಗಮ್ಮನ ಕಣ್ಣಿಗೆ ಔಷಧಿ ಬಿಡುವುದು, ಸಿಲಿಂಡರಿನವನಿಗೆ ಕಾಯುವುದು, ನಲ್ಲಿ ಬಂದಾಗ ಇದ್ದಬದ್ದ ಕೊಡಗಳನ್ನೆಲ್ಲ ತುಂಬುವುದು, ಕಾಲೇಜಿಗೆ ಹೋಗುವ ಮಗಳು ಕಾಂಚನಾಳ ಡಬ್ಬಿ ಕಟ್ಟುವುದು, ಎಲ್ಲವೂ ಅವಳು ಹೇಗೂ ಮನೆಯಲ್ಲೇ ಇರುತ್ತಾಳೆಂಬ ಒಂದೇ ಕಾರಣಕ್ಕೆ ಅವಳ ತಲೆಗೆ ಬಂದು ಕೂತಂಥವು. ಈಗ ಮರಿ ಮೂಲೆಮೂಲೆಯಲ್ಲಿ ಮಾಡಿದ ಉಚ್ಚೆ ಬಳಿಯುವುದೂ ಸೇರಿತು. ಅವಳು ಬಕೀಟು ತಂದಳು, ಬಳಿದಳು.

ಜ್ಯೋತಿಲಕ್ಷ್ಮಿ ಹುಟ್ಟಿದ್ದು ರಾಂಪುರದ ಕಡೆಯ ಹಳ್ಳಿಯಲ್ಲಿ. ಮನೆಯೊಳಗೆ ತೆಲುಗು, ಹೊರಗೆ ಕನ್ನಡ. ಅಪ್ಪ ದೊಡ್ಡಪಾಲಯ್ಯನಿಗೆ ಒಂದಿಷ್ಟು ಕುರಿ, ಕುರಿಗಳ ಹಿಂದೆ ಎರಡು ನಾಯಿ. ಶಾಲೆ ಬಿಟ್ಟ ಮೇಲೆ ಅವಳು ಕುರಿ ಹೊಡೆದುಕೊಂಡು ಗುಡ್ಡದ ಬುಡಕ್ಕೆ ಹೋಗುತ್ತಿದ್ದಳು. ಆ ನಾಯಿಗಳನ್ನು ಯಾರೂ ಕಟ್ಟುತ್ತಿರಲಿಲ್ಲ, ತಿರುಗಾಡಿಸುತ್ತಿರಲಿಲ್ಲ. "ರಾವೇ" ಎಂದರೆ ಬರುತ್ತಿದ್ದವು, "ಕೂಚೋ" ಎಂದರೆ ಕೂರುತ್ತಿದ್ದವು. ಮದುವೆಯಾಗಿ ಚಳ್ಳಕೆರೆಗೆ ಬಂದ ಮೇಲೆ ಅವಳ ನಡಿಗೆ ನಿಂತಿತು. ತರಕಾರಿ ತಳ್ಳುಗಾಡಿಯಲ್ಲಿ ಬಾಗಿಲಿಗೇ ಬರುತ್ತಿತ್ತು, ಹಾಲೂ ಬರುತ್ತಿತ್ತು. ಮದುವೆ, ಮುಂಜಿಗೆ ಗಂಡನ ಬೈಕಿನ ಹಿಂದೆ ಕೂತು ಹೋಗಿ ಬಂದರೆ ಆಯಿತು. ಹೋಗಬೇಡ ಎಂದು ಯಾರೂ ಅವಳನ್ನು ತಡೆದಿರಲಿಲ್ಲ. ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಬಂದರೆ ಜೋಗಮ್ಮ "ಎಲ್ಲಿಗೆ?" ಎನ್ನುತ್ತಿದ್ದಳು. ಅದಕ್ಕೆ ಉತ್ತರ ಬೇಕಿತ್ತು. ಅವಳ ಬಳಿ ಇರುತ್ತಿರಲಿಲ್ಲ.

ಉತ್ತರ ಸಿಕ್ಕಿದ್ದು ಬ್ರೌನಿಯಿಂದ.

ಮುದ್ದೆ, ಮಜ್ಜಿಗೆ ಉಂಡು ಮರಿ ಬಡಕಲಾಯಿತು. ದನದ ಡಾಕ್ಟರು ಪಕ್ಕೆಲುಬು ಸವರಿ ನೋಡಿ, "ಈ ಜಾತಿಗೆ ಮಾಂಸ ಬೇಕ್ರಿ, ಕೋಳಿ ಬೇಯಿಸಿ ಹಾಕ್ರಿ" ಎಂದರು. ಓಬಳೇಶ ತಲೆ ಕೆರೆದುಕೊಂಡ. ಅವರದು ಮ್ಯಾಸನಾಯಕರ ಮನೆ. ಹಬ್ಬಕ್ಕೆ ಕುರಿ ಕೊಯ್ಯುತ್ತಾರೆ, ಆದರೆ ಕೋಳಿ ತಿನ್ನುವುದಿಲ್ಲ, ಸಾಕುವುದಿಲ್ಲ, ಮುಟ್ಟಿದರೆ ಸ್ನಾನ ಮಾಡದೆ ಒಳಗೆ ಬರುವುದಿಲ್ಲ. ಜೋಗಮ್ಮ ತೀರ್ಪು ಕೊಟ್ಟಳು.

"ನಾಯಿ ತಿಂದ್ರೆ ತಿನ್ಲಿ, ಅದಕ್ಯಾವ ಕುಲ? ಆದ್ರೆ ಹೊಸ್ಲು ದಾಟಂಗಿಲ್ಲ. ಹೊರಗೇ ತಿನ್ಸಿ, ಬಾಯಿ ತೊಳ್ದು ಕರ್ಕಂಡು ಬರ್ರಿ."

'ಬರ್ರಿ' ಎಂದು ಮಗನ ಕಡೆ ನೋಡಿ ಹೇಳಿದರೂ ಅದು ಸೊಸೆಗೆ ಹೇಳಿದ್ದೆಂದು ಮೂವರಿಗೂ ಗೊತ್ತಿತ್ತು. ಓಬಳೇಶ ಒಂದು ಭಾನುವಾರ ನಾಯಿ ಹಿಡಿದು ಹೋದ. ಹಿಂತಿರುಗಿ ಬಂದಾಗ ಅವ್ವ ಚೊಂಬಿನಲ್ಲಿ ನೀರು ಹಿಡಿದು, "ಅಲ್ಲೇ ನಿಂತ್ಕ, ಬಟ್ಟೆ ಬಿಚ್ಚು" ಎಂದಳು. ಅವನು ಮತ್ತೆ ಹೋಗಲಿಲ್ಲ.

ಹಾಗೆ ಜ್ಯೋತಿಲಕ್ಷ್ಮಿ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಬ್ರೌನಿಯ ಬೆಲ್ಟು ಹಿಡಿದು ಹೊಸ್ತಿಲು ದಾಟತೊಡಗಿದಳು. ಓಣಿ ದಾಟಿದರೆ ಎಣ್ಣೆ ಮಿಲ್ಲಿನ ಉದ್ದನೆಯ ಗೋಡೆ, ಅದರಾಚೆಯಿಂದ ಶೇಂಗಾ ಹಿಂಡಿಯ ಕಮಟು ವಾಸನೆ. ಆಮೇಲೆ ಚೀಲ ಹೇರಿದ ಗಾಡಿಗಳು, ಹಾರನ್ನು, ಬೀದಿನಾಯಿಗಳ ಗುಂಪು. ಬ್ರೌನಿ ಹೆದರಿ ಅವಳ ಕಾಲಿಗೆ ಸುತ್ತಿಕೊಳ್ಳುತ್ತಿತ್ತು. "ಪದವೇ, ಪದ" ಎಂದು, ನಡಿ ನಡಿ ಎಂಬಂತೆ, ಅವಳು ಮೆಲ್ಲಗೆ ತೆಲುಗಿನಲ್ಲಿ ಹೇಳುತ್ತಿದ್ದಳು. ಆ ಮನೆಯಲ್ಲಿ ಅವಳಿಗೆ ತೆಲುಗು ಮಾತಾಡಲು ಸಿಕ್ಕ ಮೊದಲ ಜೀವ ಅದು.

ಅಶ್ವತ್ಥಕಟ್ಟೆಯ ಮೇಲೆ ಕೂತಿರುತ್ತಿದ್ದ ಗಂಡಸರಿಗೆ ಇದು ತಮಾಷೆ. ಜಂಪಣ್ಣನೆಂಬವನು ಒಮ್ಮೆ ಕೂಗಿದ. "ಏನಕ್ಕ, ನಾಯಿ ನಿನ್ನ ಎಳೀತೈತೋ, ನೀನು ನಾಯಿನ ಎಳೀತೀಯೋ?"

"ಇಬ್ರೂ ನಡೀತಿದೀವಣ್ಣ. ನಿಮ್ಮಂಗೆ ಕಟ್ಟೆಗೆ ಮೆತ್ಕಂಡು ಕೂತಿಲ್ಲ."

ಉಳಿದವರು ನಕ್ಕರು. ಜಂಪಣ್ಣ ನಗಲಿಲ್ಲ. ಅದನ್ನು ಅವಳು ಆಗ ಗಮನಿಸಲಿಲ್ಲ.

ಮಾರ್ಕೆಟ್ಟಿನ ತುದಿಯಲ್ಲಿ ಹುಸೇನ್‌ಬಿಯ ಕೋಳಿ ಅಂಗಡಿ. ಗಂಡ ಸತ್ತ ಮೇಲೆ ಕತ್ತಿ ಹಿಡಿದವಳು. ಅಂಗಡಿಯ ಹಿಂದೆ, ಯಾರೂ ಕೊಳ್ಳದ ಕೋಳಿಕಾಲು, ಕೊರಳುಗಳನ್ನು ನುಚ್ಚಕ್ಕಿ ಜೊತೆ ದೊಡ್ಡ ಪಾತ್ರೆಯಲ್ಲಿ ಬೇಯಿಸಿ ಮೂಳೆ ಆರಿಸಿ ನಾಯಿ ಸಾಕಿದವರಿಗೆ ಮಾರುತ್ತಿದ್ದಳು. ಬ್ರೌನಿ ತಟ್ಟೆಗೆ ಬಾಯಿ ಹಾಕಿದರೆ ಜ್ಯೋತಿಲಕ್ಷ್ಮಿ ಬೋರಲು ಹಾಕಿದ ಕ್ರೇಟಿನ ಮೇಲೆ ಕೂರುತ್ತಿದ್ದಳು.

"ಬಾ ಜ್ಯೋತಮ್ಮ, ಚಾ ಕುಡಿ."

"ಬ್ಯಾಡ ಬೂಬಮ್ಮ, ಲೇಟಾಗ್ತೈತೆ."

"ಅರೆ, ನಾಯಿ ಇನ್ನೂ ತಿನ್ತಾ ಐತೆ, ನಿಂಗೇನು ಅವಸರ? ಮನೇಲಿ ಮಗು ತೊಟ್ಲಲ್ಲಿ ಐತಾ?"

"ಐತಲ್ಲ. ನಲವತ್ತೈದು ವರ್ಷದ್ದು. ಟವೆಲ್ ಕೊಡೇ ಅಂತ ಅಳ್ತಿರ್ತೈತೆ."

ಹುಸೇನ್‌ಬಿ ಕತ್ತಿ ಕೆಳಗಿಟ್ಟು ನಗುತ್ತಿದ್ದಳು. ಚಹಾ ಬರುತ್ತಿತ್ತು. ಮೊಣಕಾಲು ನೋವು, ಹಿಂದಿನ ಕಾಲ, ಸತ್ತ ಗಂಡ, ಇರುವ ಗಂಡ, ಹೀಗೆ ಮಾತು. ತಿಂದು ಮುಗಿಸಿದ ಬ್ರೌನಿ ಇಬ್ಬರ ನಡುವೆ ಮಲಗುತ್ತಿತ್ತು. ಯಾರಿಗೂ ಏನೂ ಬಡಿಸದೆ, ತೊಳೆಯದೆ, ಕಾಯದೆ ಕೂತಿರುವ ಹೊತ್ತು ಅವಳಿಗೆ ಮದುವೆಯಾದಾಗಿನಿಂದ ಅದೊಂದೇ.

ಅದಕ್ಕೆ ತೆರುವುದೂ ಇತ್ತು. ಮನೆ ಮುಂದೆ ಜೋಗಮ್ಮ ಚೊಂಬು ಹಿಡಿದು ಕಾಯುತ್ತಿದ್ದಳು. ಮೊದಲು ನಾಯಿಯ ಬಾಯಿ, ಕಾಲುಗಳಿಗೆ ಅರಿಶಿನದ ನೀರು. ಆಮೇಲೆ ಬಚ್ಚಲಿಗೆ ಹೊರಗಿನಿಂದಲೇ ಹೋಗಿ ತಲೆಗೆ ನೀರು, ಉಟ್ಟ ಸೀರೆ ಒಗೆತಕ್ಕೆ. ದಿನಕ್ಕೆ ಎರಡು ಸ್ನಾನ, ಎರಡು ಸೀರೆ ಹೆಚ್ಚಿಗೆ. ಚಳಿಗಾಲದಲ್ಲಿ ಒದ್ದೆ ಕೂದಲಲ್ಲೇ ಒಲೆ ಮುಂದೆ ನಿಂತು ಕೆಮ್ಮುತ್ತಿದ್ದಳು. ಹೊರಗೆ ಹೋದ ಹೊತ್ತಿನ ಕೆಲಸವನ್ನು ಯಾರೂ ಮಾಡಿಟ್ಟಿರುತ್ತಿರಲಿಲ್ಲ, ಅದೂ ಹಾಗೇ ಕಾಯುತ್ತಿತ್ತು. ಆದರೂ ಅವಳು ಒಮ್ಮೆಯೂ ಗೊಣಗಲಿಲ್ಲ. ಗೊಣಗಿದರೆ ಯಾರಾದರೂ ಬೇರೆ ದಾರಿ ಹುಡುಕಿಬಿಡುತ್ತಾರೆ ಎಂಬ ಹೆದರಿಕೆ ಅವಳಿಗೆ.

ಅವಳು ಗೊಣಗದೆಯೂ ಬೇರೆ ದಾರಿ ಬಂತು. ಕಟ್ಟೆಯ ಜಂಪಣ್ಣ ಮಂಡಿಗೆ ಹೋದಾಗ ಓಬಳೇಶನ ಮುಂದೆ ಬಾಯಿ ಬಿಟ್ಟಿದ್ದ. ಆ ಸಂಜೆ ಓಬಳೇಶ ಒಂದು ದಪ್ಪ ಚೀಲ ತಂದು ಜಗುಲಿ ಮೇಲೆ ಧೊಪ್ಪೆಂದು ಹಾಕಿದ. ಚೀಲದ ತುಂಬ ನಾಲಿಗೆ ಚಾಚಿದ ನಾಯಿಯ ಮುಖ.

"ಇನ್ಮೇಲೆ ಕೋಳಿ ಅಂಗಡಿ ಸವಾಸ ಬ್ಯಾಡ. ನಾಯಕರ ಮನೆ ಹೆಂಗಸು ಸಾಬರ ಕೋಳಿ ಅಂಗಡಿ ಹಿಂದೆ ಚಾ ಕುಡೀತಾ ಹಲ್ಲು ಕಿಸೀತಾಳೆ ಅಂತ ಮಂಡಿ ತುಂಬ ಮಾತು."

"ನಾಯಿಗೆ ಹಾಕಕ್ಕೆ ಹೋಗಿದ್ದು. ನೀವೇ ಕಳ್ಸಿದ್ದು."

"ನಾಯಿಗೆ ಹಾಕು ಅಂದೆ. ಚಾ ಕುಡಿ ಅಂದ್ನಾ? ಇದು ಬಿಸ್ಕೀಟ್ ಇದ್ದಂಗೆ, ದೊಡ್ಡೋರ ಮನೆ ನಾಯಿ ಇದನ್ನೇ ತಿನ್ನೋದು. ಮನೇಲೇ ಹಾಕು."

"ಮತ್ತೆ ಅದರ ಹೊರಕಡೆಗೆ?"

"ಮಾಳಿಗೆ ಮೇಲೆ ಬಿಡು. ನೀ ಬಳದು ಹಾಕು."

ಬಿಸ್ಕೀಟು ದುಬಾರಿ, ಓಣಿಯಲ್ಲಿ ಇಲಿ ಬಹಳ. ಅದಕ್ಕೆ ಓಬಳೇಶನೇ ಅದನ್ನು ತಗಡಿನ ಡಬ್ಬಕ್ಕೆ ಸುರಿದು ರಾಗಿ, ಜೋಳ ಇಡುವ ಒಳಕೋಣೆಯಲ್ಲಿ ಇರಿಸಿದ. ಆ ಕೋಣೆಯ ಗೂಡಿನಲ್ಲೇ ದೇವರ ಪೆಟ್ಟಿಗೆ. ಖಾಲಿ ಚೀಲ ಜೋಗಮ್ಮನ ಕೈಗೆ ಸಿಕ್ಕಿತು. ಮುಟ್ಟಿ ನೋಡಿದಳು. ದಪ್ಪ, ಹರಿಯದಂಥದ್ದು. ಎಸೆಯಲು ಮನಸ್ಸು ಬರಲಿಲ್ಲ. ತೊಳೆದು ಒಣಗಿಸಿ ಹುರುಳಿ ತುಂಬಿ ಬಾಯಿ ಕಟ್ಟಿ, ನಾಯಿ ಮುಖ ಗೋಡೆ ಕಡೆ ತಿರುಗಿಸಿ, ದೇವರ ಗೂಡಿನ ಕೆಳಗೆ ಇಟ್ಟಳು.

ಬ್ರೌನಿ ಮಾಳಿಗೆಗೆ ಸೇರಿತು. ನಾಲ್ಕು ಕಡೆ ಒತ್ತಿಕೊಂಡ ಮನೆಗಳ ನಡುವೆ ಒಂದು ಚೌಕದ ಸಿಮೆಂಟು, ಒಂದು ನೀರಿನ ಟ್ಯಾಂಕು. ಬೇಸಿಗೆಯಲ್ಲಿ ಅಲ್ಲಿ ಬರಿಗಾಲಿಡಲಾಗದು. ಸಂಜೆಯಾದರೆ ಅದು ಮೆಟ್ಟಿಲ ತುದಿಯಲ್ಲಿ ನಿಂತು ಕೆಳಗಿನ ಬಾಗಿಲನ್ನೇ ನೋಡುತ್ತಿತ್ತು. ಕೆಳಗೆ ಜ್ಯೋತಿಲಕ್ಷ್ಮಿಯೂ ಅದೇ ಹೊತ್ತಿಗೆ ಕೈಯಲ್ಲಿದ್ದ ಕೆಲಸ ಬಿಟ್ಟು ಅದೇ ಬಾಗಿಲನ್ನು ನೋಡುತ್ತಿದ್ದಳು. ಆಮೇಲೆ ಪೊರಕೆ, ಬಕೀಟು ಹಿಡಿದು ಮಾಳಿಗೆ ಹತ್ತಿ ಹೇಲು ಬಳಿಯುತ್ತಿದ್ದಳು. ಕೆಲಸ ಒಂದಿಷ್ಟೂ ಕಡಿಮೆಯಾಗಲಿಲ್ಲ. ನಡಿಗೆ ಮಾತ್ರ ಹೋಯಿತು.

ಒಂದು ದಿನ ಬ್ರೌನಿ ಬಿಸ್ಕೀಟು ಮುಟ್ಟಲಿಲ್ಲ. ಒಣಗಿದ್ದು ಗಂಟಲಿಗೆ ಇಳಿಯುತ್ತಿಲ್ಲವೇನೋ ಎಂದು ಅವಳು ಅದರ ಮೇಲೆ ಬಿಸಿನೀರು ಹೊಯ್ದಳು. ಆವಿ ಮುಖಕ್ಕೆ ಬಡಿಯಿತು. ಕೈ ಹಾಗೇ ನಿಂತಿತು. ಅದು ಹುಸೇನ್‌ಬಿಯ ಪಾತ್ರೆಯ ವಾಸನೆ.

ಒಳಕೋಣೆಗೆ ಹೋಗಿ ಹುರುಳಿ ಚೀಲವನ್ನು ಬೆಳಕಿಗೆ ತಿರುಗಿಸಿದಳು. ಮೇಲೆಲ್ಲ ನಾಯಿ ಮುಖ. ಕೆಳಗಿನ ಮಡಿಕೆ ಬಿಡಿಸಿದಾಗ, ಮೂಲೆಯಲ್ಲಿ, ಕೆಂಪು ಜುಟ್ಟಿನ ಒಂದು ಕೋಳಿಯ ಚಿತ್ರ. ಚಿಕ್ಕದು. ಆದರೆ ಕೋಳಿಯೇ. ಮೇಲೆ ಗೂಡಿನಲ್ಲಿ ದೇವರ ಪೆಟ್ಟಿಗೆ.

ಅವಳು ಅಲ್ಲೇ ನೆಲಕ್ಕೆ ಕೂತಳು. ಮೊದಲು ಹೆದರಿಕೆಯಾಯಿತು. ಅವಳೂ ಅದೇ ಕುಲದ ಕಟ್ಟಿನಲ್ಲಿ ಬೆಳೆದವಳು. ಚೀಲ ಸುಟ್ಟು, ಡಬ್ಬ ಖಾಲಿಮಾಡಿ ಸುಮ್ಮನಾಗಿಬಿಡಲೇ ಎಂದುಕೊಂಡಳು. ಸುಮ್ಮನಾದರೆ ಓಬಳೇಶ ಇನ್ನೊಂದು ಚೀಲ ತರುತ್ತಾನೆ. ಹೇಳಿದರೆ? ಇನ್ನು ಮುಂದೆ ಇಂಥ ಚೀಲ ಮನೆಗೆ ಬರುವುದಿಲ್ಲ. ನಾಯಿ ಉಪವಾಸ ಬೀಳಲಾಗದು. ಆಗ ಮತ್ತೆ ಬೆಲ್ಟು, ಓಣಿ, ಮಿಲ್ಲಿನ ಗೋಡೆ, ಕ್ರೇಟು. ಬೇಕಾದರೆ ಚಹಾ ಕುಡಿಯುವುದಿಲ್ಲ, ನಿಂತೇ ಇರುತ್ತೇನೆ ಎಂದು ಒಪ್ಪಿಕೊಂಡರಾಯಿತು. ಹೊಸ್ತಿಲಿಗೆ ಕೋಳಿ ಬೇಡವೆಂಬ ಕಟ್ಟೇ ಅಲ್ಲವೇ ಒಮ್ಮೆ ತನ್ನನ್ನು ಹೊರಗೆ ಕಳಿಸಿದ್ದು? ಇನ್ನೊಮ್ಮೆಯೂ ಕಳಿಸುತ್ತದೆ.

ಮರುದಿನ ಬೆಳಿಗ್ಗೆ ಓಬಳೇಶ ಉಣ್ಣಲು ಕೂತಾಗ ಹೇಳಿದಳು.

"ಏನ್ರಿ, ಆ ನಾಯಿ ಬಿಸ್ಕೀಟು ಕೋಳೀದು."

"ಏನು?"

"ಕೋಳಿ ಹಾಕಿ ಮಾಡಿದ್ದು. ಚೀಲದ ಮೇಲೆ ಕೋಳಿ ಐತೆ. ನೋಡ್ರಿ." ಹುರುಳಿ ಸಮೇತ ಚೀಲವನ್ನು ಎಳೆದು ತಂದು ಮಡಿಕೆ ಬಿಡಿಸಿ ತೋರಿಸಿದಳು.

ಓಬಳೇಶ ನೋಡಿದ. ಕಾಂಚನಾ ಬಗ್ಗಿ ಇಂಗ್ಲಿಷಿನಲ್ಲಿ ಬರೆದದ್ದನ್ನು ಓದಿ "ಹೌದವ್ವ" ಎಂದಳು. ಜೋಗಮ್ಮ ಗೋಡೆ ಹಿಡಿದು ಬಂದು, ಚೀಲಕ್ಕೆ ಮುಖ ತಾಗಿಸಿ, ಪೊರೆ ಬಂದ ಕಣ್ಣನ್ನು ಕಿರಿದು ಮಾಡಿ ನೋಡಿದಳು. ಆಮೇಲೆ ಎದೆ ಬಡಿದುಕೊಂಡಳು.

"ದೇವರ ಬುಡಕ್ಕೇ ಇಟ್ಯಲ್ಲೇ! ಮನೆ ಹಾಳಾತಲ್ಲೇ!"

"ನಾನಿಟ್ಟಿದ್ದಲ್ಲತ್ತೆ. ಚೀಲ ನೀವೇ…"

"ನಂಗೆ ಕಣ್ಣು ಕಾಣ್ತೈತಾ? ಕಣ್ಣಿದ್ದೋಳು ನೀನು!"

"ಇವರು ತಂದಿದ್ದು."

"ನಾನು ನಾಯಿಗೆ ತಂದೆ" ಎಂದ ಓಬಳೇಶ. ತಟ್ಟೆ ದೂಡಿ ಎದ್ದಿದ್ದ. "ದಿನಾ ಡಬ್ಬಕ್ಕೆ ಕೈ ಹಾಕಿ ಬೊಗಸೇಲಿ ತೆಗ್ದೋಳು ಯಾರು? ಅದೇ ಕೈಲಿ ತಾನೆ ಮುದ್ದೆ ಕಟ್ಟಿದ್ದು? ಅದೇ ಕೈಲಿ ನಮ್ಗೆಲ್ಲ ಇಕ್ಕಿದ್ದು?"

ಜ್ಯೋತಿಲಕ್ಷ್ಮಿ ತನ್ನ ಕೈ ನೋಡಿಕೊಂಡಳು. ಆ ಮನೆಯಲ್ಲಿ ಯಾವುದಕ್ಕೂ ಕೈ ಹಾಕಿದವಳು ಅವಳೊಬ್ಬಳೇ. ಹಾಗಾಗಿ ತಪ್ಪೂ ಅವಳ ಕೈಯಲ್ಲೇ ಇತ್ತು.

ಕುಲದ ಕಟ್ಟು ನೋಡುವ ಹಿರಿಯ ಮಾರಯ್ಯ ಬಂದು ಜಗುಲಿಯಲ್ಲೇ ಕೂತ, ಒಳಗೆ ಬರಲಿಲ್ಲ. ಎಲ್ಲರಿಗೂ ಗಂಜಲದ ನೀರು ಎಂದ. ಮನೆಯೆಲ್ಲ ತೊಳೆದು ಸುಣ್ಣ ಬಳಿಯಬೇಕು, ಮಣ್ಣಿನ ಪಾತ್ರೆ ಒಡೆಯಬೇಕು, ಉಳಿದವನ್ನು ಬೂದಿ ಹಚ್ಚಿ ಬೆಳಗಬೇಕು. ಮುಟ್ಟಿದ ಹೆಣ್ಣುಮಗಳು ಅದೆಲ್ಲ ಮುಗಿಯುವವರೆಗೆ ಒಲೆ ಮುಟ್ಟಬಾರದು, ಜಗುಲಿಯಲ್ಲೇ ಮಲಗಬೇಕು.

"ಒಲೆ ಮುಟ್ಟಬಾರದು ಅಂದ್ರೆ ಅಡಿಗೆ ಯಾರು ಮಾಡ್ಬೇಕು?" ಎಂದು ಓಬಳೇಶ ಕೇಳಿದ.

ಮಾರಯ್ಯ ಕಾಂಚನಾಳ ಕಡೆ ನೋಡಿದ. ಕಾಂಚನಾ ಆ ದಿನಗಳಲ್ಲಿ ಕಾಲೇಜಿಗೆ ಹೋಗಲಿಲ್ಲ.

"ಸುಣ್ಣ ಬಳಿಯೋದು, ಪಾತ್ರೆ ಬೆಳಗೋದು ಮುಟ್ಟಿದೋಳು ಮಾಡಬೌದಾ?" ಎಂದು ಜೋಗಮ್ಮ ಕೇಳಿದಳು.

"ಅದು ಮಾಡಬೌದು" ಎಂದ ಮಾರಯ್ಯ. ಎದ್ದು ನಿಂತು ಮಾಳಿಗೆ ಕಡೆ ಗದ್ದ ಎತ್ತಿದ. "ಮೊದ್ಲು ಅದನ್ನ ಕಳೀರಿ. ಅದಿದ್ರೆ ಇನ್ನೊಂದು ದಿನ ಇನ್ನೊಂದು ಬರ್ತೈತೆ."

ಜ್ಯೋತಿಲಕ್ಷ್ಮಿ ಸುಣ್ಣದ ಬಕೀಟು ಹಿಡಿದಿದ್ದಳು. ಕೆಳಗಿಟ್ಟಳು. ಈ ಉತ್ತರವನ್ನು ಅವಳು ಲೆಕ್ಕಕ್ಕೆ ಹಿಡಿದೇ ಇರಲಿಲ್ಲ.

"ಅದೇನು ಮಾಡ್ತಜ್ಜ? ನಾ ಹೊರಗೇ ತಿನ್ಸಿಕೊಂಡು ಬರ್ತೀನಿ. ಮೊದ್ಲಿನಂಗೆ. ಏನೂ ತೊಂದ್ರೆ ಇರ್ಲಿಲ್ಲ."

ಮಾರಯ್ಯ ಚಪ್ಪಲಿ ಮೆಟ್ಟಿ ಹೊರಟ. ಕಾಂಚನಾಳ ಫೋನಿನಿಂದ ಜ್ಯೋತಿಲಕ್ಷ್ಮಿ ರಾಂಪುರದ ಕಡೆ ಇರುವ ತಮ್ಮ ಸಣ್ಣತಿಮ್ಮಪ್ಪನಿಗೆ ಮಾತಾಡಿದಳು. "ಅಕ್ಕ, ಸುದ್ದಿ ಇಲ್ಲಿಗೂ ಬಂದೈತೆ. ಈಗ ಆ ನಾಯಿ ತಂದ್ರೆ ನಮ್ಮನೇಗೂ ಮಾರಯ್ಯ ಬರ್ತಾನೆ" ಎಂದ ಅವನು. ಹುಸೇನ್‌ಬಿ ಅಂಗಡಿ ಹತ್ತಿರ ಬಿಡೋಣವೆಂದು ಗಂಡನನ್ನು ಕೇಳಿದಳು.

"ಊರ ತುಂಬ ಗೊತ್ತಾಗ್ಲಿ ಅಂತನಾ?" ಎಂದ ಓಬಳೇಶ. "ಅಲ್ಲಿಂದ ನಮ್ಮನೆ ಬಾಗ್ಲಿಗೆ ಬರಕ್ಕೆ ಅದಕ್ಕೇನು ದಾರಿ ಗೊತ್ತಿಲ್ವಾ? ದಿನಾ ಎರಡು ಸಲ ಕಲಿಸಿದೀಯಲ್ಲ."

ಗೆಳೆಯನ ಕಾರು ತಂದ. ಅವನು ಕರೆದರೆ ಬ್ರೌನಿ ಹತ್ತಲಿಲ್ಲ. ಎಳೆದರೆ ನಾಲ್ಕೂ ಕಾಲು ಊರಿ ನಿಂತಿತು. ಕಾರು ಓಣಿಗೆ ಅಡ್ಡವಾಗಿತ್ತು, ಹಿಂದಿನಿಂದ ಆಟೋದವನು ಹಾರನ್ನು ಒತ್ತುತ್ತಿದ್ದ, ಮೆಟ್ಟಿಲ ಮೇಲೆ ನಿಂತವರು ನೋಡುತ್ತಿದ್ದರು.

"ನೀನೇ ಬಾ" ಎಂದ ಹೆಂಡತಿಗೆ.

ಅವಳು ಹಿಂದಿನ ಸೀಟಿನಲ್ಲಿ ಹಳೆ ಸೀರೆ ಹಾಸಿ "ರಾವೇ" ಎಂದಳು. ಬ್ರೌನಿ ಜಿಗಿದು ಹತ್ತಿತು. ಎಷ್ಟೋ ದಿನಗಳ ಮೇಲೆ ಹೊರಗೆ ಹೋಗುತ್ತಿರುವ ಖುಷಿಗೆ ಅದರ ಬಾಲ ಕಾರಿನ ಬಾಗಿಲಿಗೆ ಪಟಪಟ ಬಡಿಯಿತು.

ಮೊಳಕಾಲ್ಮೂರು ದಾಟಿತು. ಬ್ರೌನಿ ಅವಳ ತೊಡೆಯ ಮೇಲೆ ತಲೆಯಿಟ್ಟು ಕಿಟಕಿಯ ಗಾಳಿಗೆ ಮೂಗು ಅರಳಿಸುತ್ತಿತ್ತು. ಅಶೋಕ ಸಿದ್ದಾಪುರದ ಕಡೆ ತಿರುಗಿದಾಗ ಬ್ರಹ್ಮಗಿರಿಯ ಬಂಡೆಗಳು ಕಂಡವು. ಬಯಲು, ಜಾಲಿ, ದೂರದಲ್ಲಿ ಒಂದು ಕುರಿಹಿಂಡು. ಅವಳು ಚಿಕ್ಕಂದಿನಲ್ಲಿ ನಡೆದದ್ದು ಇಂಥದೇ ಗುಡ್ಡಗಳ ಬುಡದಲ್ಲಿ. ಮನೆಗಳಿಲ್ಲದ ಕಡೆ ಓಬಳೇಶ ಕಾರು ನಿಲ್ಲಿಸಿದ.

"ಇಳಿಸು."

ಅವಳು ಇಳಿದಳು, ಬ್ರೌನಿ ಇಳಿಯಿತು. ಕೊರಳಿನ ಬೆಲ್ಟು ಬಿಚ್ಚಿದಳು. ಅದು ಅವಳ ಸುತ್ತ ಒಂದು ಸುತ್ತು ಓಡಿ, ಜಾಲಿ ಗಿಡ ಮೂಸಿ, ಬಂದು ಪಕ್ಕದಲ್ಲೇ ನಿಂತಿತು. ಡಬ್ಬಿಯಲ್ಲಿ ತಂದಿದ್ದ ಮುದ್ದೆಯನ್ನು ಅವಳು ಕಲ್ಲಿನ ಮೇಲಿಟ್ಟಳು. ಅದು ಮುದ್ದೆ ನೋಡಲಿಲ್ಲ, ಅವಳನ್ನೇ ನೋಡಿತು.

"ಕಾರಿನ ಹಿಂದೆ ಓಡಿ ಬಂದ್ರೆ?" ಎಂದ ಓಬಳೇಶ ಒಳಗಿನಿಂದಲೇ. "ಅದಕ್ಕೆ ಏನಾರ ಹೇಳು. ನಿನ್ನ ಮಾತು ಕೇಳ್ತೈತಲ್ಲ."

ಅವಳು ಅದರ ಹಣೆಯ ಮೇಲೆ ಕೈಯಿಟ್ಟಳು.

"ಕೂಚೋ" ಎಂದಳು.

ಬ್ರೌನಿ ಕೂತಿತು.

ಕಾರು ಹೊರಟಿತು. ಹಿಂದಿನ ಗಾಜಿನಲ್ಲಿ ಅವಳಿಗೆ ಬ್ರೌನಿ ಕಂಡಿತು. ಅದು ಓಡಿ ಬರಲಿಲ್ಲ, ಬೊಗಳಲಿಲ್ಲ. ಹೇಳಿದಂತೆ ಕೂತೇ ಇತ್ತು. ತಿರುವು ಬರುವವರೆಗೂ ಕೂತಿತ್ತು.

ಮನೆ ಮುಂದೆ ಜೋಗಮ್ಮ ಚೊಂಬು ಹಿಡಿದು ಕಾಯುತ್ತಿದ್ದಳು.

ಸುಣ್ಣ ಮುಗಿಯಿತು. ಗೋಡೆ, ಗೂಡು, ಪಾತ್ರೆ ಎಲ್ಲ ಮುಗಿದು ಜ್ಯೋತಿಲಕ್ಷ್ಮಿಯ ಅಂಗೈ ಸುಣ್ಣಕ್ಕೆ ಬಿರಿದು ರಕ್ತ ಜಿನುಗುತ್ತಿತ್ತು. ಅವಳನ್ನು ಮತ್ತೆ ಒಲೆ ಮುಂದೆ ಬಿಟ್ಟರು. ಚೀಲ ಸುಟ್ಟರು, ಡಬ್ಬ ಗುಜರಿಗೆ ಹೋಯಿತು. ಹುರುಳಿಯನ್ನು ಮಾತ್ರ ಎಸೆಯಲು ಜೋಗಮ್ಮನಿಗೆ ಕೈ ಬರಲಿಲ್ಲ. "ಕಾಳಲ್ವಾ, ತೊಳುದ್ರೆ ಸರಿಹೋಗ್ತೈತೆ, ಮಾರಯ್ಯನ್ನೂ ಕೇಳೀನಿ" ಎಂದಳು. ಸೊಸೆ ಅದನ್ನು ನೀರಿನ ಮೇಲೆ ನೀರು ಹಾಕಿ ತೊಳೆದು, ನಾಯಿಯಿದ್ದ ಮಾಳಿಗೆಯ ಮೇಲೆ ಒಣಗಿಸಿ ಕೆಳಗೆ ತಂದಳು.

ಒಂದು ಸಂಜೆ ಮಿಲ್ಲಿನ ಸೈರನ್ ಕೂಗಿತು. ಓಣಿಯಲ್ಲಿ ಆಟೋ ನುಗ್ಗಿತು, ಯಾರೋ ಮೆಟ್ಟಿಲು ಹತ್ತಿ ನಿಂತರು. ಜ್ಯೋತಿಲಕ್ಷ್ಮಿ ಕೈ ಒರೆಸಿಕೊಂಡು, ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಬಂದಿದ್ದಳು. ಬಂದದ್ದು ಅವಳಿಗೇ ಗೊತ್ತಾಗಿರಲಿಲ್ಲ. ಮೊಳೆಗೆ ತೂಗುಹಾಕಿದ್ದ ಕೆಂಪು ಬೆಲ್ಟನ್ನು ಮುಟ್ಟಿದಾಗ ಗೊತ್ತಾಯಿತು.

ಜಗುಲಿಯಲ್ಲಿ ಕೂತಿದ್ದ ಜೋಗಮ್ಮ ಅವಳ ಕಡೆ ತಿರುಗಲಿಲ್ಲ. ಹೆಜ್ಜೆ ಸದ್ದಿಗೇ ಕೇಳಿದಳು.

"ಎಲ್ಲಿಗೆ?"

ಜ್ಯೋತಿಲಕ್ಷ್ಮಿ ಓಣಿಯ ಕಡೆ ನೋಡಿದಳು. ಹುಡುಕಿದರೆ ಏನಾದರೂ ಸಿಗಬಹುದಿತ್ತು. ಸಿಗಲಿಲ್ಲ.

"ಎಲ್ಲಿಗೂ ಇಲ್ಲತ್ತೆ."

ಜೋಗಮ್ಮ ಮೊರವನ್ನು ಅವಳ ಕಡೆ ಸರಿಸಿದಳು. ಮೊರದ ತುಂಬ ಹುರುಳಿ.

"ಕೂತ್ಕ. ಇನ್ನೂ ಕಲ್ಲು ಐತೆ, ಆರಿಸು."

ಅವಳು ಕೂತಳು.